ಅತ್ತೆಮ್ಮನ ಏಳನೇ ರೀಲು

ಗುರುವಾರ ಬೆಳಿಗ್ಗೆ ರೀಲಿನ ಕೋಣೆಯ ಬಾಗಿಲು ತೆರೆದವರು ಸ್ಟುಡಿಯೋದ ಯಜಮಾನರೇ. ಗೂಡಿನಲ್ಲಿ ಎಂಟು ತಗಡಿನ ಡಬ್ಬಿಗಳು ಎಂದಿನಂತೆ ಸಾಲಾಗಿದ್ದವು. ಧೂಳು ಒರೆಸಲೆಂದು ಏಳನೆಯದನ್ನು ಎತ್ತಿದರು—ಹಗುರ! ಮುಚ್ಚಳ ತಿರುಗಿಸಿದರು. ಒಳಗೆ ಬರೀ ಗಾಳಿ. ಪಕ್ಕದ ಕಪಾಟಿನಲ್ಲಿದ್ದ ಅದೇ ರೀಲಿನ ಮೂಲಪ್ರತಿಯೂ ಮಾಯ.

ಭಾನುವಾರ ಆ ಮೂಕಿ ಚಿತ್ರದ ಮೊದಲ ಪ್ರದರ್ಶನ. ಊರ ಗೋಡೆಗಳಿಗೆಲ್ಲ ಭಿತ್ತಿಪತ್ರ ಅಂಟಿಸಿ ಆಗಿತ್ತು. ಪೊಲೀಸರಿಗೆ ಹೇಳಿದರೆ ಪತ್ರಿಕೆಯವರ ಬಾಯಿಗೆ ಬಿದ್ದಂತೆ. ಆದ್ದರಿಂದ ಯಜಮಾನರು, ಪೊಲೀಸ್ ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿಕೆ ಮಾಡುತ್ತಿದ್ದ ಹಳೆಯ ಪರಿಚಯದವನೊಬ್ಬನಿಗೆ ಹೇಳಿಕಳಿಸಿದರು.

ಪತ್ತೇದಾರ ಬಂದಾಗ ಅವನಿಗೆ ನೆಗಡಿ. ಕರವಸ್ತ್ರದಲ್ಲಿ ಮೂಗು ಒರೆಸುತ್ತಲೇ ಬೀಗ ನೋಡಿದ.

"ಒಡೆದಿಲ್ಲ. ಕೀಲಿ ಎಲ್ಲಿರುತ್ತೆ?"

"ಆಫೀಸಿನ ಮೊಳೆಗೆ ನೇತು ಹಾಕಿರ್ತೀವಿ. ಇಷ್ಟು ವರ್ಷ ಯಾರೂ ಕದ್ದಿಲ್ಲ."

"ಕದಿಯೋವರೆಗೆ ಯಾರೂ ಕದ್ದಿರಲ್ಲ ಸ್ವಾಮಿ. ರೀಲನ್ನ ಕೊನೇ ಸಲ ನೋಡಿದ್ದು?"

"ನಿನ್ನೆ, ಬುಧವಾರ ಮಧ್ಯಾಹ್ನ. ಎಲ್ಲರೂ ಕೂತು ಪೂರ್ತಿ ಚಿತ್ರ ನೋಡಿದ್ವಿ. ಶೂಟಿಂಗ್ ಮುಗಿದು ಎರಡು ತಿಂಗಳಾಯ್ತು, ಪರದೆ ಮೇಲೆ ಬರೋ ಮಾತಿನ ಫಲಕಗಳು ಮಾತ್ರ ಬಾಕಿ ಇದ್ವು. ಹೋದ ಭಾನುವಾರ ನಾನೇ ಕೂತು ಬರೆದೆ. ಸೋಮವಾರ ಜೋಡಿಸಿ ಮುಗಿಸಿದ್ವಿ."

"ಏಳನೇ ರೀಲಿನಲ್ಲಿ ಅಂಥದ್ದೇನಿದೆ?"

"ಅದೇ ನನಗೂ ಅರ್ಥವಾಗ್ತಿಲ್ಲ! ಒಬ್ಬ ಮುದುಕಿ ತಾಯಿ ನೇರ ನಮ್ಮನ್ನೇ ನೋಡ್ತಾ ಮಗನಿಗೆ ಶಾಪ ಹಾಕ್ತಾಳೆ, ಅಷ್ಟೇ. ಕದಿಯೋನು ಎಂಟನೇದನ್ನ ಕದೀಬೇಕಿತ್ತು. ಅದರಲ್ಲಿ ಕೋಟೆಗೆ ಬೆಂಕಿ ಬೀಳುತ್ತೆ."

"ಮುದುಕಿ ಯಾರು?"

"ನಮ್ಮ ಅತ್ತೆಮ್ಮ." ಯಜಮಾನರು ದನಿ ತಗ್ಗಿಸಿದರು. "ನನಗೆ ಅನುಮಾನ ಅವಳ ಮೇಲೇ. ಹೊಟ್ಟೇಲಿ ಕೆಂಡ ಇಟ್ಟುಕೊಂಡೇ ಓಡಾಡ್ತಾಳೆ."

ಮೇಕಪ್ ಕೋಣೆಯಲ್ಲಿ ಪತ್ತೇದಾರ ಕಂಡದ್ದು ಮುದುಕಿಯನ್ನಲ್ಲ. ಮೂವತ್ತನಾಲ್ಕರ ಹೆಂಗಸು, ನೇರ ಬೆನ್ನು, ಉದ್ದ ಮೂಗು, ರೆಪ್ಪೆ ಬಡಿಯದ ಕಣ್ಣು. ಎದುರಿನ ಮೊಳೆಗಳಲ್ಲಿ ನಾಲ್ಕು ಬಿಳಿ ವಿಗ್ಗುಗಳು ತೂಗುತ್ತಿದ್ದವು.

"ಇಷ್ಟು ಚಿಕ್ಕ ವಯಸ್ಸಿಗೆ ಅತ್ತೆಮ್ಮ ಅಂತ ಹೆಸರು ಹೇಗೆ ಬಂತು?"

"ಇಪ್ಪತ್ತೆರಡಕ್ಕೇ ಬಂತು. ನಾಯಕಿ ಮಾಡ್ತೀವಿ ಅಂತ ಕರೆಸಿದ್ರು. ಬಂದ ಮೇಲೆ ಮೂಗು ಉದ್ದ ಆಯ್ತು ಅಂದ್ರು, ತಲೆ ಮೇಲೆ ಬಿಳಿ ವಿಗ್ಗು ಇಟ್ರು. ಅವತ್ತಿಂದ ನಲವತ್ತೊಂದು ಚಿತ್ರ. ಇಪ್ಪತ್ತಮೂರರಲ್ಲಿ ಅತ್ತೆ, ಆರರಲ್ಲಿ ಭಿಕ್ಷುಕಿ, ಮಿಕ್ಕಿದ್ದರಲ್ಲಿ ಸೂಲಗಿತ್ತಿ, ಮಾಟಗಾತಿ, ತಾಯಿ. ನಮ್ಮ ನಾಯಕರು ನನಗಿಂತ ಐದು ವರ್ಷ ದೊಡ್ಡವರು. ಒಂಬತ್ತು ಸಲ ಅವರನ್ನ ಹೆತ್ತಿದ್ದೀನಿ."

ಪತ್ತೇದಾರನಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ತುಟಿಯಲ್ಲಿ ಮಾತ್ರ.

"ಸಂತೆಯಲ್ಲಿ ತರಕಾರಿಯವಳು, ಸೊಸೆಗೆ ವಿಷ ಹಾಕಿದವಳಿಗೆ ನಾನು ಬದನೆಕಾಯಿ ಮಾರಲ್ಲ ಅಂತ ಬುಟ್ಟಿ ಮುಚ್ಚಿಕೊಂಡಳು. ಅದೇ ನನಗೆ ಸಿಕ್ಕಿರೋ ಪದಕ."

"ಇದಕ್ಕೆಲ್ಲ ಸೇಡು ತೀರಿಸಿಕೊಳ್ಳೋಕೆ ರೀಲು ಕದ್ದಿರಾ?"

"ಇದಕ್ಕೆಲ್ಲ ಯಾರಾದರೂ ಸೇಡು ತೀರಿಸಿಕೊಳ್ತಾರಾ?" ಅವಳ ದನಿ ತಟ್ಟನೆ ಬದಲಾಯಿತು. "ನನಗೊಬ್ಬಳು ತಂಗಿ ಇದ್ದಳು. ಹದಿನೆಂಟು ವರ್ಷ. ನಾಯಕಿಯ ಬದಲು ಅಪಾಯದ ಕೆಲಸಕ್ಕೆ ಅವಳನ್ನ ನಿಲ್ಲಿಸ್ತಿದ್ರು. ಎರಡು ವರ್ಷದ ಹಿಂದೆ ಗೋಪುರದಿಂದ ಹಗ್ಗ ಹಿಡಿದು ಇಳಿಯೋವಾಗ ಹಗ್ಗ ತುಂಡಾಯ್ತು. ಕೆಳಗೆ ಬಲೆ ಇತ್ತು. ಅವಳು ಬಿದ್ದದ್ದು ಬಲೆಯ ಪಕ್ಕಕ್ಕೆ."

"ಅಪಘಾತ—"

"ಹಳೇ ಹಗ್ಗ, ಅಪಘಾತ ಅಂತ ಪೊಲೀಸರೂ ಬರೆದ್ರು. ಸವೆದ ಹಗ್ಗ ನಾರುನಾರಾಗಿ ಕಿತ್ತು ಬರುತ್ತೆ ಸ್ವಾಮಿ. ಇದು ಅರ್ಧದವರೆಗೆ ನಯವಾಗಿ ಕೊಯ್ದಿತ್ತು. ತೋರಿಸಿದೆ. ಹೆಂಗಸಿನ ಗೋಳು ಅಂದ್ರು. ಆ ತುದಿ ಇನ್ನೂ ನನ್ನ ಪೆಟ್ಟಿಗೇಲಿದೆ. ಅವಳು ಬೀಳೋದನ್ನ ಚಿತ್ರದಲ್ಲೂ ಇಟ್ಟರು. ಊರೆಲ್ಲ ಶಿಳ್ಳೆ ಹೊಡೆದು ನೋಡಿತು. ಆ ಚಿತ್ರಾನ ನಾನು ಇಪ್ಪತ್ತೇಳು ಸಲ ನೋಡಿದೆ."

"ಯಾಕಮ್ಮಾ?"

"ಮರೀಬಾರದು ಅಂತ."

ಪತ್ತೇದಾರ ಕರವಸ್ತ್ರ ಮಡಿಸಿಟ್ಟ. "ಅವತ್ತು ಗೋಪುರ ಹತ್ತಿದವರು ಯಾರ್ಯಾರು?"

"ಮೂವರು. ನಿರ್ದೇಶಕರು, ನಾಯಕರು, ಕ್ಯಾಮೆರಾದವರು."

"ಕೊಯ್ದವನು?"

"ಗೊತ್ತಿದ್ದರೆ ಎರಡು ವರ್ಷ ಇಲ್ಲಿ ಪೌಡರ್ ಬಳಿದುಕೊಂಡು ಕೂತಿರ್ತಿದ್ದೆನಾ?" ಅವಳು ಕನ್ನಡಿಯತ್ತ ತಿರುಗಿದಳು. "ರೀಲು ನಾನು ಕದ್ದಿಲ್ಲ. ಆದರೆ ಕಳುವಾಯ್ತು ಅಂತ ಕೇಳಿ, ಎಷ್ಟೋ ದಿನದ ಮೇಲೆ ಇವತ್ತು ಹೊಟ್ಟೆತುಂಬ ಉಂಡೆ."

ಕಳ್ಳತನದ ಸುದ್ದಿ ಕೇಳಿ ಹೊಟ್ಟೆತುಂಬ ಊಟ! ಪತ್ತೇದಾರನಿಗೆ ಆ ಮಾತು ಮುಳ್ಳಿನಂತೆ ನಾಟಿತು. ನೇರ ನಾಯಕನ ಬಳಿ ಹೋದ.

ನಾಯಕ ಮೀಸೆಗೆ ಎಣ್ಣೆ ಹಚ್ಚುತ್ತಿದ್ದ. "ಆಯಮ್ಮನಾ? ಬುಧವಾರ ಚಿತ್ರ ನೋಡಿ ಎದ್ದಾಗ ಎಲ್ಲರೆದುರು ಹೇಳಿದಳು—ಭಾನುವಾರ ಕಿವುಡರ ಶಾಲೆಯ ಟೀಚರನ್ನ ಕರೆದಿದ್ದೀನಿ, ಅವರು ಕಣ್ಣಲ್ಲೇ ಕೇಳ್ತಾರೆ, ಪರದೆ ಮೇಲೆ ಯಾರು ಏನು ಮಾತಾಡಿದ್ರೂ ತುಟಿ ನೋಡಿಯೇ ಹೇಳಿಬಿಡ್ತಾರೆ ಅಂತ. ನನಗೆ ನಗು ಬಂತು."

"ಯಾಕೆ?"

"ಐದನೇ ರೀಲಲ್ಲಿ ಅವಳು ನನ್ನ ಕಾಲು ಹಿಡಿದು ಬೇಡಿಕೊಳ್ಳೋ ದೃಶ್ಯ ಇದೆ. ಆಗ ಆಡಿದ್ದೇನು ಗೊತ್ತಾ? 'ಹಗ್ಗ ಕೊಯ್ದವನು ನೀನು, ನನ್ನ ತಂಗೀನ ಕೊಂದವನು ನೀನು' ಅಂತ! ಅಳು ಬರಿಸಿಕೊಳ್ಳೋಕೆ ಹಾಗೆ ಮಾಡ್ತಾಳೆ ಅಂದುಕೊಂಡೆ. ಪಾಪ, ತಲೆ ಕೆಟ್ಟಿದೆ. ಆ ಟೀಚರು ಓದಿದ್ರೆ ಓದಲಿ, ನನಗೇನು?"

ನಿರ್ದೇಶಕ ಇನ್ನೂ ಕುದಿಯುತ್ತಿದ್ದ. ಎರಡನೇ ರೀಲಿನ ನ್ಯಾಯಾಧೀಶನ ಪಾತ್ರ ಅವನದೇ. "ನ್ಯಾಯಪೀಠದ ಎದುರು ನಿಂತು ನನ್ನನ್ನೇ ಕೊಲೆಗಾರ ಅಂದಳು ಕಣ್ರೀ! ಹಗ್ಗ ಕೊಯ್ದೆಯಂತೆ. ಅಲ್ಲೇ ಕೂಗಾಡಿದೆ. ಆದರೆ ಆ ಮುಖ—ಅಂಥ ಅಭಿನಯ ಮತ್ತೆ ಸಿಗಲ್ಲ. ಹಾಗೇ ಇಟ್ಟುಕೊಂಡೆ. ಹೇಗೂ ಮೂಕಿ ಚಿತ್ರ, ಯಾರಿಗೆ ಕೇಳುತ್ತೆ?"

ಛಾಯಾಗ್ರಾಹಕ ಮೆದು ಮಾತಿನವನು. ಮಸೂರವನ್ನು ಮಗುವಿನ ಕೆನ್ನೆ ಒರೆಸುವಂತೆ ಒರೆಸುತ್ತಿದ್ದ.

"ಏಳನೇ ರೀಲಲ್ಲಿ ಅವರು ನೋಡೋದು ಕ್ಯಾಮೆರಾನ. ಅಂದರೆ ನಿಮ್ಮನ್ನ. ಅವತ್ತು ಏನು ಹೇಳಿದ್ರು?"

"ಫಲಕದಲ್ಲಿ ಇರೋದೇ ಸ್ವಾಮಿ. 'ನಿನ್ನ ನೆರಳೇ ನಿನ್ನನ್ನು ನುಂಗಲಿ' ಅಂತ. ಕ್ಯಾಮೆರಾದ ಹಿಡಿ ತಿರುಗಿಸ್ತಾ ನಿಂತಿದ್ದೆ, ನನ್ನ ಕಿವಿಯಾರೆ ಕೇಳಿದೆ."

"ಬೇರೇನೂ ಅನ್ನಲಿಲ್ವಾ?"

"ಒಂದಕ್ಷರವೂ ಇಲ್ಲ."

ಪತ್ತೇದಾರ ಸೀನಿದ. ಮತ್ತೇನೂ ಕೇಳಲಿಲ್ಲ.

ಶುಕ್ರವಾರ ಅವನು ಆ ಟೀಚರನ್ನು ಕರೆತಂದ. ನಡುವಯಸ್ಸಿನ ಕಿವುಡ ಹೆಂಗಸು. ತುಟಿ ನೋಡಿ ಓದುವುದನ್ನು ಮಕ್ಕಳಿಗೆ ಕಲಿಸುವುದೇ ಅವಳ ಕೆಲಸ. ಉಳಿದ ರೀಲುಗಳನ್ನು ಹಾಕಿಸಿದ. ಎರಡನೆಯದರಲ್ಲಿ ಅತ್ತೆಮ್ಮ ಕೈ ಮುಗಿದು ನ್ಯಾಯಾಧೀಶನನ್ನು ಬೇಡುತ್ತಿದ್ದಳು. ಫಲಕದಲ್ಲಿ 'ನನ್ನ ಮಗ ನಿರಪರಾಧಿ!' ಎಂದಿತ್ತು. ಟೀಚರ್ ಏರಿಳಿತವಿಲ್ಲದ ದನಿಯಲ್ಲಿ ಓದಿದಳು: "ಹಗ್ಗ ಕೊಯ್ದವನು ನೀನು. ನನ್ನ ತಂಗೀನ ಕೊಂದವನು ನೀನು."

ಐದನೇ ರೀಲು. ಮತ್ತದೇ ಮಾತು. ಓದುತ್ತ ಓದುತ್ತ ಟೀಚರ್ ಪಕ್ಕದಲ್ಲಿದ್ದ ಯಜಮಾನರ ತೋಳು ಹಿಡಿದುಕೊಂಡಳು. "ಇದು ನಟನೆ ಅಲ್ಲ," ಎಂದಳು. "ಈಯಮ್ಮ ನಿಜವಾಗಿ ಕೇಳ್ತಿದ್ದಾರೆ."

ಶನಿವಾರ ಬೆಳಿಗ್ಗೆ ಪತ್ತೇದಾರ ಎಲ್ಲರನ್ನೂ ಪ್ರದರ್ಶನದ ಕೋಣೆಗೆ ಕರೆದ. ಬಾಗಿಲ ಬಳಿ ಇಬ್ಬರು ಪೊಲೀಸರನ್ನು ನಿಲ್ಲಿಸಿದ್ದ.

"ರೀಲು ಸಿಗಲಿಲ್ಲ," ಎಂದ. "ಸಿಗದಿದ್ದರೂ ನಷ್ಟವಿಲ್ಲವಂತೆ. ಆ ಶಾಟು ಮಸುಕಾಗಿತ್ತು ಅಂತ ನಿರ್ದೇಶಕರು ಹೇಳ್ತಿದ್ದಾರೆ. ಮಧ್ಯಾಹ್ನ ಬೇರೊಬ್ಬ ಕ್ಯಾಮೆರಾದವರನ್ನ ಕರೆಸಿ ಮತ್ತೆ ತೆಗೀತಾರೆ."

ಮೊದಲೇ ಮಾತಾಗಿದ್ದಂತೆ ನಿರ್ದೇಶಕ ತಲೆಯಾಡಿಸಿದ.

"ಮಸುಕಾ?" ಛಾಯಾಗ್ರಾಹಕ ಎದ್ದೇ ನಿಂತ. ಮೆದು ದನಿ ಕೀರಲಾಯಿತು. "ನನ್ನ ಶಾಟು ಮಸುಕಾ? ಕಣ್ಣಿದೆಯಾ ನಿಮಗೆ? ನಿನ್ನೆ ಸಂಜೆ ಕೂಡ ಭೂತಗನ್ನಡಿ ಹಿಡಿದು ನೋಡಿದ್ದೀನಿ, ರೆಪ್ಪೆ ಕೂದಲು ಒಂದೊಂದಾಗಿ ಎಣಿಸಬಹುದು!"

ಎಲ್ಲರ ತಲೆ ಅವನತ್ತ ತಿರುಗಿತು.

"ನಿನ್ನೆ ಶುಕ್ರವಾರ," ಪತ್ತೇದಾರ ನಿಧಾನವಾಗಿ ಹೇಳಿದ. "ರೀಲು ಕಳುವಾದದ್ದು ಗುರುವಾರವೇ ಗೊತ್ತಾಯ್ತು. ಎಲ್ಲಿ ನೋಡಿದಿರಿ?"

ಛಾಯಾಗ್ರಾಹಕ ಬಾಗಿಲತ್ತ ನೋಡಿದ. ಪೊಲೀಸನೊಬ್ಬ ಅವನ ಕೋಣೆಗೆ ಹೋದ. ಫೋಟೋ ತೆಗೆಯುವ ಗಾಜಿನ ಫಲಕಗಳ ಪೆಟ್ಟಿಗೆಯ ತಳದಿಂದ ರೀಲು, ಮೂಲಪ್ರತಿ ಎರಡನ್ನೂ ಎತ್ತಿಕೊಂಡು ಬಂದ.

"ನಿಮಗೆ ಹೇಗೆ ಗೊತ್ತಾಯ್ತು?" ಯಜಮಾನರು ಉಸುರಿದರು.

"ನೀವೇ ಹೇಳಿದ್ರಿ ಸ್ವಾಮಿ. ನಾವಿಬ್ಬರೂ ಅದನ್ನ ಗಮನಿಸಲಿಲ್ಲ, ಅಷ್ಟೇ. ಶೂಟಿಂಗ್ ಆದದ್ದು ಎರಡು ತಿಂಗಳ ಹಿಂದೆ. ಶಾಪದ ಮಾತನ್ನ ನೀವು ಬರೆದದ್ದು ಹೋದ ಭಾನುವಾರ. ಇನ್ನೂ ಹುಟ್ಟದೇ ಇದ್ದ ಮಾತನ್ನ ಇವರು ಕಿವಿಯಾರೆ ಕೇಳಿದರಂತೆ! ಯಾಕೆ ಸುಳ್ಳು? ನಿಜವಾಗಿ ಕೇಳಿದ್ದನ್ನ ಹೇಳೋಕೆ ಬಾಯಿ ಬರಲಿಲ್ಲ. ಅತ್ತೆಮ್ಮ ಮೂವರಿಗೂ ಮುಖಕ್ಕೆ ಮುಖ ಕೊಟ್ಟು ಒಂದೇ ಮಾತು ಹೇಳಿದ್ರು. ಒಬ್ಬರು ನಕ್ಕರು, ಒಬ್ಬರು ಕೂಗಾಡಿದ್ರು. ಇಬ್ಬರೂ ನನ್ನ ಹತ್ತಿರ ಮುಚ್ಚಿಡಲಿಲ್ಲ. ಟೀಚರ್ ಬರ್ತಾರೆ ಅಂದಾಗಲೂ ಅವರಿಬ್ಬರು ತಮ್ಮ ರೀಲಿನ ತಂಟೆಗೆ ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವರು ಒಬ್ಬರೇ."

"ಮತ್ತೆ ಸುಟ್ಟುಹಾಕಲಿಲ್ಲ ಯಾಕೆ?" ಎಂದ ನಾಯಕ.

ಉತ್ತರ ಬಂದದ್ದು ಛಾಯಾಗ್ರಾಹಕನಿಂದಲೇ. ಅವನು ಕುರ್ಚಿಗೆ ಕುಸಿದಿದ್ದ. "ಹೇಗೆ ಸುಡಲಿ? ಜನ್ಮದಲ್ಲಿ ಅಂಥ ಮುಖ ತೆಗೆದಿರಲಿಲ್ಲ." ಆಮೇಲೆ ಅತ್ತೆಮ್ಮನತ್ತ ತಿರುಗಿದ. "ಕೊಲ್ಲಬೇಕು ಅಂತ ಇರಲಿಲ್ಲಮ್ಮಾ. ಅವಳಿಗೆ ಭಯವೇ ಇರಲಿಲ್ಲ, ನಗುನಗ್ತಾ ಇಳೀತಿದ್ದಳು. ನಿಜವಾದ ಭಯ ಒಂದು ಕ್ಷಣ ಸಿಕ್ಕಿದ್ರೆ ಸಾಕಿತ್ತು. ಬಲೆಗೆ ಬೀಳ್ತಾಳೆ ಅಂದುಕೊಂಡೆ. ಬಲೆ ಚಿತ್ರದಲ್ಲಿ ಕಾಣಬಾರದು ಅಂತ ಎರಡು ಅಡಿ ಪಕ್ಕಕ್ಕೆ ಎಳೆದಿದ್ದೆ. ಎರಡೇ ಅಡಿ."

ಅತ್ತೆಮ್ಮ ಎದ್ದು ಅವನ ಎದುರು ಬಂದು ನಿಂತಳು. ಪತ್ತೇದಾರ ಒಂದು ಹೆಜ್ಜೆ ಮುಂದಿಟ್ಟ. ಅವಳು ಕೈ ಎತ್ತಲಿಲ್ಲ.

"ಅವಳು ಬೀಳೋವಾಗ ಹಿಡಿ ತಿರುಗಿಸೋದು ನಿಲ್ಲಿಸಿದೆಯಾ?"

ಅವನು ತಲೆ ತಗ್ಗಿಸಿದ.

"ಕೊಲ್ಲೋ ಉದ್ದೇಶ ನಿನಗಿರಲಿಲ್ಲ, ಒಪ್ಪಿದೆ," ಎಂದಳು. "ನನಗಿತ್ತು. ಎರಡು ವರ್ಷ, ದಿನಾ ಬೆಳಿಗ್ಗೆ ವಿಗ್ಗಿನ ಜೊತೆ ಅದನ್ನೂ ತಲೆಗೆ ಏರಿಸಿಕೊಂಡು ಬರ್ತಿದ್ದೆ. ಜೈಲಿಗೆ ಹೋಗು. ಅಲ್ಲಿ ಬೆಳಕು ಕಡಿಮೆ ಅಂತೆ. ನಿನ್ನ ಕಣ್ಣಿಗೆ ಏನೂ ಕಾಣದೇ ಇರಲಿ."

ನ್ಯಾಯಾಲಯದಲ್ಲಿ ಹಗ್ಗದ ತುದಿ ತೋರಿಸಿದರು, ಏಳನೇ ರೀಲು ಓಡಿಸಿದರು. ಟೀಚರ್ ಓದಿದಳು. ಛಾಯಾಗ್ರಾಹಕನಿಗೆ ಹತ್ತು ವರ್ಷ ಶಿಕ್ಷೆಯಾಯಿತು.

ತೀರ್ಪಿನ ಮರುದಿನ ಪತ್ತೇದಾರ ಮೇಕಪ್ ಕೋಣೆಗೆ ಬಂದ. ಅತ್ತೆಮ್ಮ ನಲವತ್ತಮೂರನೇ ಚಿತ್ರಕ್ಕೆ ತಯಾರಾಗುತ್ತಿದ್ದಳು; ಹತ್ತನೇ ಸಲ ನಾಯಕನ ತಾಯಿ.

"ಅವತ್ತೇ ನನಗೆ ಎಲ್ಲ ಹೇಳಬಹುದಿತ್ತಲ್ಲಮ್ಮಾ?"

"ಒಂದು ಸಲ ಪೊಲೀಸರಿಗೆ ಹೇಳಿ ನೋಡಿದ್ದೆ. ಗಂಡಸರು ತಾವೇ ಕಂಡುಹಿಡಿದದ್ದನ್ನ ಮಾತ್ರ ನಂಬ್ತಾರೆ."

ಪತ್ತೇದಾರ ಬಾಗಿಲವರೆಗೆ ಹೋದವನು ನಿಂತ. "ಇನ್ನೊಂದು ಮಾತು. ಯಾವ ರೀಲೂ ಕಳುವಾಗದೇ ಇದ್ದಿದ್ದರೆ?"

ಅವಳು ಹಣೆಯ ಮೇಲೆ ಸುಕ್ಕು ಬರೆಯುತ್ತಿದ್ದಳು. ಕೈ ಅಲುಗಲಿಲ್ಲ.

"ಆಗ ಮೂವರೂ," ಎಂದಳು.

ಹೊರಗೆ ಗಂಟೆ ಬಾರಿಸಿದರು. ಅವಳು ವಿಗ್ಗು ಸರಿಪಡಿಸಿಕೊಂಡು ಎದ್ದಳು, ಹೊಸ್ತಿಲು ದಾಟುವಾಗ ಬೆನ್ನು ಬಾಗಿಸಿದಳು. ನಾಯಕನ ಮುದಿ ತಾಯಿ ಗೋಡೆ ಹಿಡಿದುಕೊಂಡು ಸೆಟ್ಟಿನ ಕಡೆ ನಡೆದು ಹೋದಳು.