ಚಕ್ರ ಕಳೆದುಕೊಂಡ ಅತಿಥಿ

ಬೆಳಿಗ್ಗೆ ಚೀಲ ಹಿಡಿದು ಹೊರಗೆ ಬಂದ ಇನ್ಸ್‌ಪೆಕ್ಟರು ಬಾಗಿಲಲ್ಲೇ ನಿಂತುಬಿಟ್ಟರು. ಕಾರು ಇತ್ತು. ಅದಕ್ಕೆ ಚಕ್ರಗಳಿರಲಿಲ್ಲ. ನಾಲ್ಕು ಮರದ ದಿಮ್ಮಿಗಳ ಮೇಲೆ, ಕಾಲು ಮುರಿದ ಮಂಚದ ಹಾಗೆ ಕೂತಿತ್ತು.

ಅವರಿಗೆ ಮೈಯೆಲ್ಲ ಉರಿದುಹೋಯಿತು. ಬೇಡಿ ಬೇಡಿ ಪಡೆದ ರಜೆ. ಒಬ್ಬರೇ ಕಾರು ಓಡಿಸಿಕೊಂಡು ಸಮುದ್ರದವರೆಗೆ ಹೋಗುವ ಆಸೆ. ದಾರಿಯಲ್ಲಿ ಈ ಪುಟ್ಟ ಊರಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಬಾಲ್ಯದ ಗೆಳೆಯ ಗುಂಡನ ಮನೆಯಲ್ಲಿ ಒಂದು ರಾತ್ರಿ ತಂಗಿದ್ದರು. ರಜೆಯಲ್ಲೂ ಕಳ್ಳರ ಕಾಟ ತಪ್ಪಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡು, ಗುಂಡ ಎದ್ದು ಬರುವ ಮೊದಲೇ ಠಾಣೆಗೆ ಫೋನು ಮಾಡಿದರು.

ಪೇದೆ ಬಂದ. ಊರಲ್ಲಿ ಚಕ್ರ ಬಿಚ್ಚುವ ಕೆಲಸ ಯಾರಿಗೆ ಗೊತ್ತು ಎಂದು ಕೇಳಿದ.

"ನನಗೆ ಗೊತ್ತು. ಬಿಟ್ರೆ ನನ್ನ ಭಾವಮೈದನಿಗೆ" ಎಂದ ಗುಂಡ.

ಪೇದೆಗೆ ಅಷ್ಟೇ ಸಾಕಾಯಿತು. ಭಾವಮೈದ ಹಿಂದೊಮ್ಮೆ ಲಾರಿ ಟೈರು ಕದ್ದು ಜೈಲು ಕಂಡವನು. ಈಗ ಗುಜರಿ ಅಂಗಡಿಯಲ್ಲಿ ನಿಯತ್ತಾಗಿ ದುಡಿಯುತ್ತಿದ್ದ. ಅಂಗಡಿ ಬೀದಿಯ ನಡುವೆ, ಎಲ್ಲರ ಕಣ್ಣೆದುರು, ಪೇದೆ ಅವನನ್ನು ಠಾಣೆಗೆ ಎಳೆದುಕೊಂಡು ಹೋದ.

*

ಇನ್ಸ್‌ಪೆಕ್ಟರಿಗೆ ಸಮಾಧಾನವಾಗಲಿಲ್ಲ. ಗುಜರಿ ಅಂಗಡಿ ತಡಕಿದರು. ಕೈಗೆ ತುಕ್ಕು ಮೆತ್ತಿತು, ಅಷ್ಟೇ. ಬಿಸಿಲಲ್ಲಿ ಹೆದ್ದಾರಿಯವರೆಗೆ ನಡೆದರು. ನಸುಕಿನಲ್ಲಿ ಒಂದು ಲಾರಿ ಅವಸರದಿಂದ ಹೋಯಿತೆಂದು ಹೋಟೆಲಿನವನು ಹೇಳಿದ. ಅವರಿವರಿಗೆ ಫೋನು ಮಾಡಿ ಆ ಲಾರಿಯನ್ನು ತಡೆಸಿದರೆ, ಒಳಗಿದ್ದದ್ದು ಕೋಳಿಮೊಟ್ಟೆ. ಡ್ರೈವರು ಬೈದ ಬೈಗುಳವನ್ನೂ ಕೇಳಿಸಿಕೊಳ್ಳಬೇಕಾಯಿತು.

ರೋಸಿಹೋಗಿ ಮನೆಗೆ ಬಂದರೆ ಗುಂಡನ ಹೆಂಡತಿಯ ಕಣ್ಣು ಕೆಂಪಗಾಗಿತ್ತು.

"ನನ್ನ ತಮ್ಮ ಇದನ್ನ ಮಾಡಿಲ್ಲ ಅಣ್ಣ. ಈಗ ಬಿಟ್ಟು ಕಳಿಸಿದ್ರೂ ಈ ಊರಲ್ಲಿ ಇನ್ಯಾರು ಅವನನ್ನ ಕೆಲಸಕ್ಕೆ ಇಟ್ಕೋತಾರೆ?"

ನೀರು ಕೊಟ್ಟು, ಒಳಗಿನ ಕೋಣೆಯಲ್ಲಿ ಹಾಸಿಗೆ ಹಾಕಿದ್ದೇನೆ, ಮಲಗಿ ಎಂದಳು. ಅವರು ನಾಲ್ಕು ದಿನ ಇರುತ್ತಾರೆಂದು ಗಂಡ ನಿನ್ನೆ ರಾತ್ರಿಯೇ ಹೇಳಿದ್ದನಂತೆ.

ಇನ್ಸ್‌ಪೆಕ್ಟರು ಲೋಟ ಕೆಳಗಿಟ್ಟರು. ನಿನ್ನೆ ರಾತ್ರಿ ಕಾರಿಗೆ ಚಕ್ರಗಳಿದ್ದವು.

ಹೊರಗೆ ಹೋಗಿ, ಬೆಳಗಿನಿಂದ ಸಿಟ್ಟಿನಲ್ಲಿ ನೆಟ್ಟಗೆ ನೋಡದೇ ಇದ್ದ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಚಕ್ರ ಇರಬೇಕಾದ ಕಡೆ ಬೋಲ್ಟುಗಳು. ಪ್ರತಿ ಬೋಲ್ಟಿನ ಮೇಲೂ ಎಣ್ಣೆ ಹಚ್ಚಿ ತಿರುಗಿಸಿಟ್ಟ ಒಂದು ನಟ್ಟು.

*

ಗ್ಯಾರೇಜಿನ ಮೂಲೆಯಲ್ಲಿ ಹಳೇ ಟೈರುಗಳ ಗುಡ್ಡೆ. ಇನ್ಸ್‌ಪೆಕ್ಟರು ಮೇಲಿನ ಟೈರುಗಳನ್ನು ಎತ್ತಿ ಎಸೆದರು. ಕೆಳಗೆ ಅವರ ಕಾರಿನ ಚಕ್ರಗಳಿದ್ದವು. ಗುಂಡ ಚಿಂದಿಬಟ್ಟೆಯಲ್ಲಿ ಒರೆಸುತ್ತಿದ್ದ ಕೈಯನ್ನು ಒರೆಸುತ್ತಲೇ ಇದ್ದ.

"ಚಕ್ರ ಕದ್ದು ಮಾರೋ ಕಳ್ಳ ನಟ್ಟನ್ನ ಎಲ್ಲೆಂದರಲ್ಲಿ ಎಸೀತಾನೆ" ಎಂದರು ಇನ್ಸ್‌ಪೆಕ್ಟರು. "ಇಲ್ಲಾಂದ್ರೆ ಹೊತ್ಕೊಂಡು ಹೋಗ್ತಾನೆ. ನೀನು ಒಂದೊಂದನ್ನೂ ಒರೆಸಿ, ಎಣ್ಣೆ ಹಚ್ಚಿ, ಬೋಲ್ಟಿಗೆ ತಿರುಗಿಸಿ ಇಟ್ಟಿದ್ದೀಯ. ಮತ್ತೆ ಚಕ್ರ ಹಾಕೋನು ಮಾತ್ರ ಹಾಗೆ ಜೋಪಾನ ಮಾಡ್ತಾನೆ. ಅಭ್ಯಾಸ ನಿನ್ನ ಕೈ ಬಿಡಲಿಲ್ಲ. ಇನ್ನು ನಾನು ನಾಲ್ಕು ದಿನ ಇರ್ತೀನಿ ಅಂತ ನಿನ್ನ ಹೆಂಡತಿಗೆ ರಾತ್ರೀನೇ ಹೇಳಿದ್ದೀಯ. ನನಗೇ ಗೊತ್ತಿರಲಿಲ್ಲವಲ್ಲೋ."

ಗುಂಡ ಸ್ಟೂಲಿನ ಮೇಲೆ ಕುಸಿದ. "ಎಷ್ಟು ವರ್ಷಕ್ಕೆ ಬಂದೆ. ಬಂದವನು ಚಪ್ಪಲಿ ಬಿಡೋ ಮೊದಲೇ ಬೆಳಿಗ್ಗೆ ಹೊರಡ್ತೀನಿ ಅಂದೆ."

ಹೊಸ ಚಕ್ರ ತರಿಸುವ ನೆಪದಲ್ಲಿ ಉಳಿಸಿಕೊಂಡು, ಆಮೇಲೆ ಇವನ್ನೇ ತೆಗೆದುಕೊಟ್ಟು ನಗಬೇಕೆಂದಿದ್ದನಂತೆ. ಪೇದೆಯನ್ನು ನೋಡಿದ್ದೇ ನಿಜ ಹೇಳಲು ನಾಲಿಗೆ ಏಳಲಿಲ್ಲವಂತೆ.

"ಪೊದೆಯಲ್ಲಿ ಸಿಕ್ತು ಅಂದುಬಿಡೋಣ ಕಣೋ. ಭಾವಮೈದನೂ ಬಿಡುಗಡೆ ಆಗ್ತಾನೆ, ನನ್ನ ಮರ್ಯಾದೆನೂ ಉಳಿಯುತ್ತೆ."

"ಪೊದೆಯಲ್ಲಿ ಸಿಕ್ಕರೆ ಅವನೇ ಕದ್ದು ಎಸೆದ ಅಂತಾರೆ. ನಡಿ."

ಗೆಳೆಯನ ಮೇಲೆ ಕನಿಕರವೂ ಬಂತು. ಆದರೆ ಸಿಟ್ಟೇ ಹೆಚ್ಚಿತ್ತು.

*

ಠಾಣೆಯಲ್ಲಿ ಗುಂಡ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಪೇದೆ ಲಾಕಪ್ಪಿನ ಬೀಗ ತೆಗೆದ. ಭಾವಮೈದ ಕೂಗಾಡಲಿಲ್ಲ, ಅಳಲಿಲ್ಲ.

"ಇಲ್ಲಿ ಹೇಳಿದ್ರೆ ಸಾಲದು ಭಾವ. ನನ್ನನ್ನ ಅಂಗಡಿ ಬೀದೀಲಿ ಎಳ್ಕೊಂಡು ಬಂದ್ರು."

ಗುಂಡ ಇನ್ಸ್‌ಪೆಕ್ಟರ ಮುಖ ನೋಡಿದ. ಅವರು ಆಗಲೇ ಬಾಗಿಲ ಕಡೆ ಹೊರಟಿದ್ದರು.

ಮೂವರೂ ಅಂಗಡಿ ಬೀದಿಗೆ ನಡೆದರು. ಮೊದಲ ಅಂಗಡಿಯ ಮುಂದೆ ಗುಂಡ ನಿಂತು, ಚಕ್ರ ಬಿಚ್ಚಿದ್ದು ತಾನೇ ಎಂದ. ಅಂಗಡಿಯವನು ತಮಾಷೆ ಎಂದುಕೊಂಡು ನಕ್ಕ. ಗುಂಡ ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು. ಅಷ್ಟರಲ್ಲಿ ಭಾವಮೈದ ಪಕ್ಕದ ಅಂಗಡಿಯ ಮುಂದೆ ಹೋಗಿ, ಗುಂಡನನ್ನು ಕಾಯುತ್ತ ನಿಂತಿದ್ದ.