ಹನ್ನೆರಡನೆಯ ಪ್ರಿಂಟರ್

ಆಫೀಸಿನ ಹನ್ನೊಂದು ಪ್ರಿಂಟರ್‌ಗಳನ್ನು ನೆಟ್‌ವರ್ಕಿಗೆ ಸೇರಿಸಿ, ಒಂದೊಂದಕ್ಕೂ ಅದಿರುವ ಕೋಣೆಯ ಹೆಸರನ್ನೇ ಇಟ್ಟವನು ನಾನು. ಕೊನೆಗೆ ನೋಡಿದರೆ ಪಟ್ಟಿಯಲ್ಲಿ ಹನ್ನೆರಡನೆಯದೊಂದು ಇತ್ತು: ‘ಹಳೇ ಫೈಲು ಕೋಣೆ’.

“ಆ ಕೋಣೆಗೆ ಗೋಡೆ ಎಬ್ಬಿಸಿ ಮುಚ್ಚಿ ಎಂಟು ವರ್ಷ ಆಯ್ತಲ್ಲೋ ತಮ್ಮಾ,” ಎಂದು ವಾಚ್‌ಮನ್ ಅಣ್ಣ ನಕ್ಕ. “ಬಾಗಿಲಿಲ್ಲ, ಕಿಟಕೀನೂ ಇಲ್ಲ.”

ತಮಾಷೆಗೆಂದು ಅದಕ್ಕೊಂದು ಹಾಳೆ ಕಳಿಸಿದೆ. ಗೋಡೆಯಾಚೆ ಯಂತ್ರ ಗುರುಗುಟ್ಟಿತು. ಕೈಯಿಟ್ಟರೆ ಗೋಡೆ ಬೆಚ್ಚಗಿತ್ತು. ನನ್ನ ಲ್ಯಾಪ್‌ಟಾಪ್ ಪರದೆಯ ಮೇಲೆ ‘ಕಾಗದ ಮುಗಿದಿದೆ’ ಎಂದು ಬಂತು.

“ಒಡೆಸೋಣ ಅಣ್ಣಾ, ಒಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ರೆ?”

“ಎಂಟು ವರ್ಷದಿಂದ್ಲಾ? ಸುಮ್ನಿರಪ್ಪ, ನನ್ನ ಕೆಲಸಕ್ಕೆ ಸಂಚಕಾರ ತರಬೇಡ.” ಅವನೀಗ ನಗುತ್ತಿರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ಮೇಲಿನ ಆ ಸೂಚನೆ ಹೋಗಿತ್ತು; ಆ ಪ್ರಿಂಟರಿಗೆ ಯಾರೋ ಕಾಗದ ತುಂಬಿಸಿದ್ದರು.