ನಲವತ್ನಾಲ್ಕು ಇಂಚಿನ ದೂರು

ಸೋಮವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಬೇಕರಿ ಯಜಮಾನರು, ಯಾರೋ ತಮ್ಮ ಸೊಂಟದ ಸುತ್ತಳತೆಯನ್ನು ಕದ್ದಿದ್ದಾರೆ ಎಂದು ದೂರು ಹೇಳಿದರು. ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟು ಅವರ ಸೊಂಟವನ್ನೇ ನೋಡಿದ. ಕಳ್ಳತನವಾದ ಲಕ್ಷಣವೇನೂ ಅಲ್ಲಿ ಕಾಣಲಿಲ್ಲ.

ಈ ಹೆಡ್ ಕಾನ್‌ಸ್ಟೆಬಲ್, ಬಂದವರು ಕೆಮ್ಮಿದ್ದು ಸೀನಿದ್ದನ್ನೂ ಗಂಟೆ ನಿಮಿಷದ ಸಮೇತ ಬರೆದಿಡುವವನು. ಹಾಗಾಗಿ ಠಾಣೆಯಲ್ಲಿ ಅವನ ಹೆಸರೇ ಡೈರಿ ಎಂದಾಗಿತ್ತು. ಯಜಮಾನರನ್ನೂ ಜೊತೆಗೆ ಬಂದಿದ್ದ ಅವರ ಹೆಂಡತಿಯನ್ನೂ ಅವನು ಇನ್ಸ್‌ಪೆಕ್ಟರ್ ಮೇಡಂ ಕೋಣೆಗೆ ಕರೆದೊಯ್ದು, ಯಜಮಾನರಿಗೆ ಬಂದ ಫೋನ್ ಕರೆಯ ವಿಷಯ ತಿಳಿಸಿದ.

"ಫೋನ್ ಮಾಡಿದ್ದು ಯಾರು?" ಮೇಡಂ ಕೇಳಿದರು.

"ನಾನು ಸೂಟ್ ಹೊಲಿಸೋ ಕಂಪನಿಯಿಂದ ಅಂದ. 'ನಿಮ್ಮ ಸೊಂಟ ನಲವತ್ನಾಲ್ಕು, ಎಡಗಡೆ ಭುಜ ಸ್ವಲ್ಪ ಇಳಿಜಾರು, ಅಲ್ವಾ ಸರ್' ಅಂದ. ಅಷ್ಟು ಕರಾರುವಾಕ್ಕಾಗಿ ಹೇಳಿದ್ಮೇಲೆ ನಂಬದೆ ಇರೋದು ಹೇಗೆ ಮೇಡಂ? ಸದಸ್ಯತ್ವದ ಕಾರ್ಡ್ ಹೊಸದು ಮಾಡ್ಬೇಕು, ಓಟಿಪಿ ಹೇಳಿ ಅಂದ."

"ಹೇಳಿದ್ರಾ?"

"ಆರು ಅಂಕೀಲಿ ನಾಲ್ಕು ಹೇಳಿದ್ದೆ. ಅಷ್ಟರಲ್ಲಿ ಇವಳು ಫೋನ್ ಕಿತ್ಕೊಂಡ್ಳು."

"ನಾನು ಕಿತ್ಕೊಂಡಿದ್ದು ಓಟಿಪಿಗಲ್ಲ," ಎಂದರು ಹೆಂಡತಿ. "ಮೂರು ವರ್ಷದಿಂದ ನಲವತ್ತೆರಡು ಅಂತ ರಸೀದಿ ತೋರಿಸ್ಕೊಂಡು ಬಂದಿದಾರೆ ಇವ್ರು. ನಲವತ್ನಾಲ್ಕು ಅಂತ ಕೇಳಿಸ್ತು, ತಡೆಯೋಕಾಗ್ಲಿಲ್ಲ."

ಡೈರಿ ಗೋಡೆಯ ಕಡೆ ತಿರುಗಿ ನಗು ನುಂಗಿಕೊಂಡ. ಮೇಡಂ ಮಾತ್ರ ನಗಲಿಲ್ಲ. ಸದಸ್ಯತ್ವದ ಕಾರ್ಡ್ ಮಾಡಿಸುವಾಗ ಕಂಪನಿಯವರು ಗುರುತಿನ ಚೀಟಿಯ ಪ್ರತಿ ಪಡೆದಿದ್ದರೇ ಎಂದು ಕೇಳಿದರು. ಪಡೆದಿದ್ದರು. ಹುಟ್ಟಿದ ದಿನ, ಮನೆ ವಿಳಾಸ, ಫೋನ್ ನಂಬರ್ ಎಲ್ಲವೂ ಅವರ ಕಂಪ್ಯೂಟರಿನಲ್ಲಿತ್ತು.

"ಹಾಗಾದ್ರೆ ಇಲ್ಲಿ ಕೂತೇ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್‌ಗೆ ತಡೆ ಹಾಕಿಸಿ. ಪಾಸ್‌ವರ್ಡೆಲ್ಲ ಬದಲಾಯಿಸಿ. ನಿಮ್ಮ ಚೀಟಿ ತೋರಿಸಿ ಬೇರೆ ಯಾರಾದ್ರೂ ಸಿಮ್ ತಗೊಂಡಿದಾರಾ, ಸಾಲಕ್ಕೆ ಅರ್ಜಿ ಹಾಕಿದಾರಾ ವಿಚಾರಿಸಿ. ಬಂದ ಕರೆ, ಸಂದೇಶ ಒಂದನ್ನೂ ಅಳಿಸ್ಬೇಡಿ. ನಮಗೆ ಅದೇ ಸಾಕ್ಷಿ."

"ಕಂಪನಿ ಮೇಲೂ ಕೇಸ್ ಹಾಕ್ಬಹುದಾ?"

"ಕದ್ದವನನ್ನ ನಾವು ನೋಡ್ಕೋತೀವಿ. ಜೋಪಾನ ಮಾಡದೆ ಇದ್ದ ಕಂಪನಿ ಮೇಲೆ ದತ್ತಾಂಶ ರಕ್ಷಣಾ ಮಂಡಳಿಗೆ ದೂರು ಕೊಡಿ. ನಷ್ಟ ಆಗಿದ್ರೆ ಪರಿಹಾರ ಕೇಳೋ ದಾರಿ ಬೇರೆ ಇದೆ, ಅದಕ್ಕೆ ವಕೀಲರನ್ನ ಕಾಣಿ. ನನ್ನ ವಿವರ ಎಲ್ಲ ಅಳಿಸಿ ಅಂತ ಕಂಪನಿಗೆ ಬರೆದೂ ಕೊಡ್ಬಹುದು."

"ಅಳತೇನೂ ಅಳಿಸ್ತಾರಾ?" ಯಜಮಾನರ ಮುಖ ಅರಳಿತು.

"ಅದೊಂದು ಇರ್ಲಿ ಬಿಡಿ ಮೇಡಂ," ಎಂದರು ಹೆಂಡತಿ.

ಮಧ್ಯಾಹ್ನದೊಳಗೆ ಅದೇ ಕಂಪನಿಯ ಇನ್ನೂ ನಾಲ್ವರು ಗಿರಾಕಿಗಳು ಅದೇ ಕತೆ ಹೊತ್ತು ಬಂದರು. ಹನ್ನೆರಡು ಐದಕ್ಕೆ ಎಫ್‌ಐಆರ್ ದಾಖಲಾಯಿತು.

ಹೊಲಿಗೆ ಕಂಪನಿಯ ಮುಖ್ಯ ಅಂಗಡಿ ಎರಡು ಅಂತಸ್ತಿನದು. ಕೆಳಗೆ ಬಟ್ಟೆ, ಮೇಲೆ ಕತ್ತರಿಸುವ ಮೇಜು, ಪಕ್ಕದಲ್ಲಿ ಗಾಜಿನ ಕಂಪ್ಯೂಟರ್ ಕೋಣೆ. ಎರಡು ಗಂಟೆಗೆ ಪೊಲೀಸರು ಒಳಗೆ ಕಾಲಿಟ್ಟಾಗ ಮಾಲೀಕರು ದಡಕ್ಕನೆ ಎದ್ದು ನಿಂತರು.

"ಮಾಹಿತಿ ಸೋರಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಗುರುವಾರ ಮೇಡಂ."

"ಇವತ್ತು ಸೋಮವಾರ. ಗಿರಾಕಿಗಳಿಗೆ ತಿಳಿಸಿದ್ರಾ?"

"ಹೆಸರು ಕೆಡತ್ತಲ್ಲ ಮೇಡಂ. ಆದ್ರೆ ಸುಮ್ನೆ ಕೂತಿಲ್ಲ. ತಪ್ಪಿತಸ್ಥರನ್ನ ಹಿಡಿದಾಗಿದೆ," ಎಂದು ಮಾಲೀಕರು ನೋಟಿಸ್ ಬೋರ್ಡ್ ತೋರಿಸಿದರು. ಗಿರಾಕಿಗಳ ಪಟ್ಟಿಯನ್ನು ಹೊರಗೆ ಕೊಟ್ಟ ಆರೋಪದ ಮೇಲೆ ಕಂಪ್ಯೂಟರ್ ಆಪರೇಟರನ್ನು ಬರುವ ಬುಧವಾರ ಸಂಜೆ ಐದರಿಂದ ಕೆಲಸದಿಂದ ತೆಗೆಯಲಾಗುವುದು ಎಂಬ ಪತ್ರ ಶನಿವಾರದಿಂದ ಅಲ್ಲಿ ತೂಗುತ್ತಿತ್ತು.

ಆಪರೇಟರ್ ಆರು ವರ್ಷದಿಂದ ಅಲ್ಲಿದ್ದವಳು. ಅತ್ತು ಅತ್ತು ಕಣ್ಣು ಊದಿತ್ತು. ಪಟ್ಟಿಯಲ್ಲಿದ್ದ ಎರಡು ಸಾವಿರದ ಮುನ್ನೂರು ಹೆಸರುಗಳು ಹೋದ ತಿಂಗಳ ಹನ್ನೆರಡರಂದು ಮಧ್ಯಾಹ್ನ ಒಂದು ನಲವತ್ತಕ್ಕೆ ಅವಳದೇ ಪಾಸ್‌ವರ್ಡಿನಿಂದ ಪೆನ್‌ಡ್ರೈವಿಗೆ ಇಳಿದಿದ್ದವು. ಕಂಪ್ಯೂಟರೇ ಅದನ್ನು ಹೇಳುತ್ತಿತ್ತು.

"ಆ ಹೊತ್ತಲ್ಲಿ ಎಲ್ಲಿದ್ದೆ?"

"ಊಟಕ್ಕೆ ಹೋಗಿದ್ದೆ ಮೇಡಂ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

ಅವಳು ಬೆರಳು ಮಾಡಿ ತೋರಿಸಿದಳು. ಪಾಸ್‌ವರ್ಡ್ ಬರೆದ ಹಳದಿ ಚೀಟಿ ಮಾನಿಟರಿನ ನೆತ್ತಿಯ ಮೇಲೆ ಅಂಟಿಕೊಂಡು ರಾರಾಜಿಸುತ್ತಿತ್ತು. ಅವಳು ರಜೆ ಇದ್ದ ದಿನ ಬಿಲ್ ನಿಲ್ಲಬಾರದೆಂದು ಮಾಲೀಕರೇ ಅಂಟಿಸಲು ಹೇಳಿದ್ದರಂತೆ. ಮಾಲೀಕರು ಆಗ ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ಪಕ್ಕದ ಗುಂಡಿ ಅಂಗಡಿಯವನನ್ನೂ ಇಸ್ತ್ರಿ ಮಾಡುವಾಕೆಯನ್ನೂ ಪಂಚರನ್ನಾಗಿ ಕೂರಿಸಿಕೊಂಡು ಡೈರಿ ಆ ಚೀಟಿಯ ಪಂಚನಾಮೆ ಬರೆದ.

ಮಂಗಳವಾರ ಬೆಳಗ್ಗೆ ಒಂಬತ್ತು ಹತ್ತಕ್ಕೆ ಆಪರೇಟರಳ ಅತ್ತೆ ಠಾಣೆಗೇ ಬಂದುಬಿಟ್ಟರು.

"ನನ್ನ ಸೊಸೆ ಮನೇಲಿ ಸಕ್ಕರೆ ಡಬ್ಬ ಎಲ್ಲಿಟ್ಟಿದೀನಿ ಅಂತ ನನಗೇ ಹೇಳಲ್ಲ ಕಣಮ್ಮ. ಅಂಥವಳು ಊರವರ ಸೊಂಟದ ಅಳತೆ ಹೊರಗೆ ಹೇಳ್ತಾಳಾ? ಈ ಕಳಂಕ ಹೊತ್ಕೊಂಡು ಹೋದ್ರೆ ಅವಳಿಗೆ ಇನ್ಯಾರು ಕೆಲಸ ಕೊಡ್ತಾರೆ?"

"ನಾಳೆ ಐದು ಗಂಟೆವರೆಗೆ ಟೈಮ್ ಇದೆ, ಕೂತ್ಕೊಳ್ಳಿ ಅಮ್ಮ," ಎಂದರು ಮೇಡಂ. ಹಾಗೆಂದರೇ ಹೊರತು, ಕೈಯಲ್ಲಿ ಏನೂ ಇರಲಿಲ್ಲ. ಆ ಹುಡುಗಿಯನ್ನು ಕಂಡರೆ ಅವರಿಗೆ ಕನಿಕರವಾಗುತ್ತಿತ್ತು, ಕನಿಕರ ಕೋರ್ಟಿನಲ್ಲಿ ನಡೆಯುವುದಿಲ್ಲವೆಂಬುದೂ ಗೊತ್ತಿತ್ತು. ಐವರು ಗಿರಾಕಿಗಳ ಹೇಳಿಕೆಯನ್ನೂ ರಸೀದಿಯನ್ನೂ ಮೇಜಿನ ಮೇಲೆ ಹರಡಿಕೊಂಡು ಮತ್ತೊಮ್ಮೆ ಓದಿದರು. ಫೋನಿನವನು ಬೇಕರಿಯವರಿಗೆ ನಲವತ್ನಾಲ್ಕು ಎಂದಿದ್ದ. ರಸೀದಿಯಲ್ಲಿ ನಲವತ್ತೆರಡು. ಔಷಧಿ ಅಂಗಡಿಯವರಿಗೆ ನಲವತ್ತು ಎಂದಿದ್ದ. ರಸೀದಿಯಲ್ಲಿ ಮೂವತ್ತೆಂಟು. ಐವರಲ್ಲಿ ನಾಲ್ವರದು ಹೀಗೇ ಎರಡಿಂಚು ಕಡಿಮೆ. ಕಡ್ಡಿಯಂತಿದ್ದ ಅಂಚೆಯವನದು ಮಾತ್ರ ಎರಡು ಕಡೆಯೂ ಇಪ್ಪತ್ತೆಂಟು.

ಮೇಡಂ ಆಪರೇಟರಿಗೆ ಫೋನ್ ಮಾಡಿದರು.

"ಬೇಕರಿಯವರ ಸೊಂಟ ಕಂಪ್ಯೂಟರಲ್ಲಿ ಎಷ್ಟಿದೆ?"

"ನಲವತ್ತೆರಡು ಮೇಡಂ. ರಸೀದಿ ಅದರಿಂದಾನೇ ಬರೋದು."

"ಅದನ್ನ ನೀನೇ ಅಳೆದು ಬರೀತೀಯಾ?"

"ಇಲ್ಲ ಮೇಡಂ. ಬಟ್ಟೆ ಕತ್ತರಿಸೋ ಮಾಸ್ತರು ಅಳೆದು ಕೂಗಿ ಹೇಳ್ತಾರೆ, ನಾನು ಟೈಪ್ ಮಾಡ್ತೀನಿ."

ಬುಧವಾರ ಹನ್ನೊಂದಕ್ಕೆ ಮೇಡಂ ಮತ್ತು ಡೈರಿ ನೇರ ಮಹಡಿ ಹತ್ತಿದರು. ಕತ್ತರಿಸುವ ಮಾಸ್ತರರಿಗೆ ಅರವತ್ತರ ಹತ್ತಿರ. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ. ಕೈ ಬಟ್ಟೆಯ ಮೇಲೆ ಓಡುತ್ತಲೇ ಇತ್ತು.

"ಮಾಸ್ತರೇ, ರಸೀದೀಲಿ ಸೊಂಟ ಯಾಕೆ ಕಡಿಮೆ?"

ಮಾಸ್ತರರು ಖುಷಿಯಾಗಿ ನಕ್ಕರು. "ಅದು ಮರ್ಯಾದೆ ಇಂಚು ಮೇಡಂ. ಹೊಟ್ಟೆ ಇರೋ ಗಿರಾಕಿಗೆ ಎರಡಿಂಚು ಕಮ್ಮಿ ಕೂಗೋದು. ಗಿರಾಕಿ ಮನಸ್ಸು ಹಗುರ ಆಗತ್ತೆ, ನಾನು ಕತ್ತರಿಸೋದು ನಿಜವಾದ ಅಳತೆಗೇ ಆದ್ದರಿಂದ ಸೂಟೂ ಸರಿಯಾಗಿ ಕೂರತ್ತೆ. ನನ್ನ ಗುರುಗಳು ಕಲಿಸಿದ್ದು."

"ಹಾಗಾದ್ರೆ ನಿಜವಾದ ಅಳತೆ ಯಾರಿಗೆ ಗೊತ್ತಿರತ್ತೆ? ಆಪರೇಟರಿಗೆ?"

"ಅವಳಿಗೆ ಹೇಗೆ ಗೊತ್ತಾಗತ್ತೆ?"

"ಮಾಲೀಕರಿಗೆ?"

"ಅವರಿಗೆ ಟೇಪು ಹಿಡಿಯೋಕೇ ಬರಲ್ಲ. ಅಳೆದವನಿಗೆ ಮಾತ್ರ ಗೊತ್ತು ಮೇಡಂ."

"ಫೋನ್ ಮಾಡಿದ ಕಳ್ಳನ ಹತ್ರ ಇದ್ದಿದ್ದು ನಿಜವಾದ ಅಳತೆ. ಈ ಐದು ಜನರನ್ನ ಅಳೆದವರು ಯಾರು?"

ಕತ್ತರಿ ಬಟ್ಟೆಯ ನಡುವೆ ನಿಂತಿತು. ಡೈರಿ ಹನ್ನೊಂದು ಹದಿನಾರು ಎಂದು ಬರೆದುಕೊಂಡ.

ಮಾಸ್ತರರು ಸ್ಟೂಲಿನ ಮೇಲೆ ಕೂತು ಒಂದೂ ಮುಚ್ಚಿಡದೆ ಹೇಳಿದರು. ಸ್ವಂತ ಅಂಗಡಿ ತೆರೆಯುವ ಯೋಚನೆಯಿತ್ತು. ಮಾನಿಟರಿನ ಹಳದಿ ಚೀಟಿ ನೋಡಿ ಪಟ್ಟಿ ಇಳಿಸಿಕೊಂಡರು. ಬೇರೆಯವರು ಅಳೆದ ಗಿರಾಕಿ ತಮಗೇಕೆಂದು ಅವರನ್ನೆಲ್ಲ ಅಳಿಸಿ, ತಮ್ಮ ನಾನೂರು ಜನರನ್ನಷ್ಟೇ ಉಳಿಸಿಕೊಂಡರು. ಆಮೇಲೆ ಮನೆಯ ಕಂಪ್ಯೂಟರಿನಲ್ಲಿ ಎರಡೇ ಬೆರಳಿನಿಂದ ಒಂಬತ್ತು ದಿನ ಕೂತು ತಮ್ಮ ನೋಟ್‌ಬುಕ್ ನೋಡಿ ಅಳತೆಗಳನ್ನು ತಿದ್ದಿದರು.

"ಕದ್ದಿದ್ದು ಕದ್ದಿರಿ, ತಿದ್ದಿದ್ದು ಯಾಕೆ?" ಎಂದು ಡೈರಿಗೇ ತಡೆಯಲಾಗಲಿಲ್ಲ.

"ತಪ್ಪು ಅಳತೆ ಇಟ್ಕೊಂಡು ಹೊಲಿಯೋದು ಹೇಗಪ್ಪ?"

ಅಂಗಡಿ ತೆರೆಯುವ ಸುದ್ದಿ ಕಳಿಸಲೆಂದು ಅವರು ಆ ಪಟ್ಟಿಯನ್ನು ಸಗಟಾಗಿ ಸಂದೇಶ ಕಳಿಸುವ ಏಜೆಂಟನಿಗೆ ಕೊಟ್ಟಿದ್ದರು. ಅವನು ಅದನ್ನು ಫೋನಿನಲ್ಲಿ ಟೋಪಿ ಹಾಕುವವರಿಗೆ ದಾಟಿಸಿದ್ದ. ಗುರುತಿನ ಚೀಟಿಗಳೂ ಅದರ ಜೊತೆಗೇ ಹೋದವೆಂಬುದು ಮಾಸ್ತರರಿಗೆ ಹೊಳೆದೇ ಇರಲಿಲ್ಲ. ಹನ್ನೆರಡೂವರೆಗೆ ಅವರ ಬಂಧನವಾಯಿತು. ಮೂರು ಇಪ್ಪತ್ತಕ್ಕೆ ಏಜೆಂಟನೂ ಅವನ ಎರಡು ಲ್ಯಾಪ್‌ಟಾಪುಗಳೂ ಠಾಣೆ ಸೇರಿದವು.

ನಾಲ್ಕು ಗಂಟೆಗೆ ಮಾಲೀಕರನ್ನು ಕರೆಸಿ ಎರಡು ಕೆಲಸ ಮಾಡಿಸಲಾಯಿತು. ಏನೇನು ಸೋರಿದೆ, ಯಾವ ಎಚ್ಚರಿಕೆ ವಹಿಸಬೇಕು, ಎಲ್ಲಿ ದೂರು ಕೊಡಬಹುದು ಎಂಬ ಪತ್ರ ಎರಡು ಸಾವಿರದ ಮುನ್ನೂರು ಗಿರಾಕಿಗಳಿಗೂ ರಕ್ಷಣಾ ಮಂಡಳಿಗೂ ಹೋಯಿತು. ನಾಲ್ಕು ನಲವತ್ತಕ್ಕೆ ಅಂಗಡಿಯ ಬೋರ್ಡಿನಿಂದ ಆಪರೇಟರಳ ವಜಾ ಪತ್ರ ಇಳಿಯಿತು. ಇಳಿಸಿದವರು ಮಾಲೀಕರು, ಸರಿಯಾಗಿ ಹರಿದಿದ್ದಾರೆಯೇ ಎಂದು ನೋಡಿದವರು ಅತ್ತೆ. ಸೊಸೆ ಅವರ ಭುಜಕ್ಕೆ ಒರಗಿ ಅಳುತ್ತಲೇ ನಕ್ಕಳು.

ಠಾಣೆಯಲ್ಲಿ ಮಾಸ್ತರರ ಹೇಳಿಕೆ ಮುಗಿಯುತ್ತ ಬಂದಿತ್ತು.

"ಕಂಪನೀಗೆ ಅಳತೆ ಮಿಷನ್ ಬಂತು ಮೇಡಂ. ಗಿರಾಕಿ ಎದುರಿಗೆ ನಿಂತ್ರೆ ಸಾಕು, ಅದೇ ಅಳೆಯತ್ತೆ. ಮುಂದಿನ ತಿಂಗಳಿಂದ ನಿಮ್ಮ ಕೈ ಬೇಡ ಅಂದ್ರು. ಮೂವತ್ತೊಂದು ವರ್ಷ ಅಳೆದಿದ್ದು ನನ್ನದಲ್ವಾ ಅನ್ನಿಸ್ತು."

"ಗಿರಾಕಿಗಳದ್ದು ಮಾಸ್ತರೇ," ಎಂದರು ಮೇಡಂ, ಮೆತ್ತಗೆ. "ಆ ಹುಡುಗಿ ಮೇಲೆ ಬಂದ ಪತ್ರ ಓದಿದ್ರಾ?"

ಮಾಸ್ತರರು ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟರು.

"ಶನಿವಾರಾನೇ ಓದಿದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ."

ಅವರನ್ನು ಒಳಗೆ ಕರೆದೊಯ್ದ ಮೇಲೆ ಡೈರಿ ವರದಿಯ ಹಾಳೆ ಹಿಡಿದು ಬಂದ. ಉದ್ದೇಶ ಎಂಬ ಕಾಲಂ ಮಾತ್ರ ಖಾಲಿಯಿತ್ತು.

"ದುರಾಸೆ ಅಂತ ಹಾಕ್ಲಾ ಮೇಡಂ?"

"ಬೇಡ. ಮೂವತ್ತೊಂದು ವರ್ಷ ದುಡಿದ ಕೈಯನ್ನ ಬೇಡ ಅಂದಿದ್ದಕ್ಕೆ ಆದ ನೋವು ಅಂತ ಬರೀರಿ." ಡೈರಿ ಬರೆದುಕೊಂಡು ಏಳುವಷ್ಟರಲ್ಲಿ ಮೇಡಂ ಮತ್ತೆ ತಡೆದರು. "ನಾಲ್ಕು ದಿನ ಒಂದು ಹುಡುಗಿ ತಮ್ಮ ತಪ್ಪು ಹೊತ್ತು ಅಳೋದನ್ನ ಕಣ್ಣಾರೆ ನೋಡಿ ಸುಮ್ಮನಿದ್ರು. ಅದನ್ನೂ ಬರೀರಿ."

"ಎರಡೂ ಒಂದೇ ಕಾಲಮ್ಮಲ್ಲಾ?"

"ಮನುಷ್ಯ ಒಬ್ರೇ ಅಲ್ವೇನ್ರಿ," ಎಂದರು ಮೇಡಂ, ಸಹಿ ಹಾಕಲು ಕೈ ಚಾಚಿ.